ಡೆಂಟಲ್ ಓದಬೇಕು ಅಂತಿರುವ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

"ಡೆಂಟಲ್ ತಗೊಳ್ಳಲಾ ಬೇಡವಾ, ಒಂದೇ ಮಾತಲ್ಲಿ ಹೇಳು" ಅಂತ ಕೇಳಿದ್ದೀಯ. ಒಂದೇ ಮಾತಲ್ಲಿ ಮುಗಿಯುವ ವಿಷಯ ಅಲ್ಲ ಮಾರಾಯ ಇದು. ಇದೇ ಪ್ರಶ್ನೆ ಕೇಳುವವರು ಈಗೀಗ ಜಾಸ್ತಿ ಆಗಿದ್ದಾರೆ. ಅದಕ್ಕೇ ನಿನ್ನ ಹೆಸರು ಬಿಟ್ಟು, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಬೇಜಾರಿಲ್ಲ ತಾನೆ?

ಮೊದಲು ನಿಮ್ಮ ಮನೆಯವರ ಮಾತಿಗೆ ಬರುತ್ತೇನೆ. ಹಲ್ಲಿನ ಡಾಕ್ಟರ್ ಅಂದರೆ ಪೂರ್ತಿ ಡಾಕ್ಟರ್ ಅಲ್ಲ ಅಂದರಂತೆ. ಈ ಮಾತನ್ನು ನೀನು ಓದು ಮುಗಿಸಿದ ಮೇಲೂ ಕೇಳುತ್ತೀಯ, ಕೆಲವೊಮ್ಮೆ ನಿನ್ನ ಕುರ್ಚಿಯಲ್ಲೇ ಬಾಯಿ ತೆರೆದು ಕೂತವರಿಂದಲೂ ಕೇಳುತ್ತೀಯ. ಹಲ್ಲಿನ ವೈದ್ಯ ಬೇರೆ ದಾರಿ ಹಿಡಿದದ್ದು ಹೇಗೆ ಗೊತ್ತಾ? 1840ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಗತ್ತಿನ ಮೊದಲ ದಂತ ವೈದ್ಯಕೀಯ ಕಾಲೇಜು ಶುರುವಾಯಿತು. ಅದಕ್ಕೂ ಮುಂಚೆ ಯುರೋಪಿನಲ್ಲಿ ಹಲ್ಲು ಕೀಳುತ್ತಿದ್ದವರಲ್ಲಿ ಕ್ಷೌರಿಕರಿದ್ದರು, ಕಮ್ಮಾರರಿದ್ದರು, ಸಂತೆಯಲ್ಲಿ ಜನ ಸೇರಿಸಿ ಕೀಳುವವರೂ ಇದ್ದರು. ಕಾಲೇಜು ಬೇರೆ ಆಯಿತು, ಡಿಗ್ರಿ ಬೇರೆ ಆಯಿತು, ಆಮೇಲೆ ಬಹಳಷ್ಟು ದೇಶಗಳು ಹೆಚ್ಚುಕಮ್ಮಿ ಅದನ್ನೇ ಹಿಡಿದುಕೊಂಡು ಬಂದವು.

ಮನೆಯವರಿಗೆ ಇನ್ನೊಂದು ಸಂಗತಿ ಹೇಳು. ಆಪರೇಷನ್ ಮಾಡುವಾಗ ನೋವು ಗೊತ್ತಾಗದಂತೆ ಮಾಡಬಹುದು ಅಂತ ಜಗತ್ತಿಗೆ ತೋರಿಸಲು ಹೊರಟವರು ಹಲ್ಲಿನ ಡಾಕ್ಟರುಗಳು. 1844ರಲ್ಲಿ ಹೊರೇಸ್ ವೆಲ್ಸ್ ಅನ್ನುವವನು ನಗೆ ಅನಿಲದ ಒಂದು ಪ್ರದರ್ಶನ ನೋಡಿದ. ಅನಿಲ ಸೇವಿಸಿದ್ದ ಒಬ್ಬನ ಕಾಲಿಗೆ ಏಟಾಗಿದ್ದರೂ ಅವನಿಗೆ ಗೊತ್ತೇ ಆಗಿರಲಿಲ್ಲ. ಮರುದಿನವೇ ವೆಲ್ಸ್ ಆ ಅನಿಲ ಎಳೆದುಕೊಂಡು ತನ್ನದೇ ಹಲ್ಲು ಕೀಳಿಸಿಕೊಂಡ. ಎರಡು ವರ್ಷದ ನಂತರ, 1846ರಲ್ಲಿ, ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಎಲ್ಲರೆದುರು ಈಥರ್ ಅನ್ನುವ ಪ್ರಜ್ಞೆ ತಪ್ಪಿಸುವ ಔಷಧ ಕೊಟ್ಟು ತೋರಿಸಿದ ವಿಲಿಯಂ ಮಾರ್ಟನ್ ಕೂಡ ಹಲ್ಲಿನ ಡಾಕ್ಟರೇ. ಅದು ಸುಮ್ನೆ ಆದದ್ದಲ್ಲ. ಹಲ್ಲಿನ ಡಾಕ್ಟರ ಮುಂದೆ ಕೂತವನು ದಿನಾ ಎಚ್ಚರವಾಗಿರುತ್ತಿದ್ದ, ದಿನಾ ಕಿರುಚುತ್ತಿದ್ದ, ನೋವಿಗೆ ಹೆದರಿ ಅರ್ಧಕ್ಕೇ ಎದ್ದು ಹೋಗುತ್ತಿದ್ದ. ನೋವು ನಿಲ್ಲಿಸುವ ತುರ್ತು ಅವರಿಗೆ ಎಲ್ಲರಿಗಿಂತ ಜಾಸ್ತಿ ಇತ್ತು ಅಂತ ನನಗನಿಸುತ್ತದೆ.

ಈ ಎಚ್ಚರವಾಗಿರುವ ವಿಷಯ ನೆನಪಿಟ್ಟುಕೋ. ನಾನು ಹೇಳಬೇಕಾದ್ದೆಲ್ಲ ಅದರ ಸುತ್ತಲೇ ಇದೆ.

ಓದು ಹೇಗಿರುತ್ತದೆ ಅಂದರೆ, ಹೆಚ್ಚಿನ ದೇಶಗಳಲ್ಲಿ ಐದು ವರ್ಷದ ಆಸುಪಾಸು. ಅಮೆರಿಕದಂಥ ಕಡೆ ಮೊದಲು ಒಂದು ಡಿಗ್ರಿ ಮುಗಿಸಿ, ಆಮೇಲೆ ನಾಲ್ಕು ವರ್ಷ. "ಅಷ್ಟು ವರ್ಷ ಬರೀ ಹಲ್ಲು ಓದಿ ಬೋರ್ ಆಗಲ್ವಾ" ಅಂತ ಕೇಳಿದ್ದೀಯಲ್ಲ, ಮೊದಲ ವರ್ಷಗಳಲ್ಲಿ ಹಲ್ಲು ಕಾಣಿಸುವುದೇ ಕಡಿಮೆ. ಹೃದಯ, ರಕ್ತ, ನರ, ಔಷಧ, ಸೂಕ್ಷ್ಮಜೀವಿ, ಎಲ್ಲ ಓದಬೇಕು. ಮುಖ ಮತ್ತು ಕುತ್ತಿಗೆಯ ನರಗಳನ್ನಂತೂ ನಿದ್ದೆಯಲ್ಲಿ ಕೇಳಿದರೂ ಹೇಳುವಷ್ಟು ಓದಬೇಕು. ಯಾಕೆ ಅಂತ ಆಗ ಅರ್ಥ ಆಗುವುದಿಲ್ಲ. ಸಕ್ಕರೆ ಕಾಯಿಲೆ ಇರುವವರ ವಸಡು ಬೇಗ ಹಾಳಾಗುತ್ತದೆ, ವಸಡು ಹಾಳಾದರೆ ಸಕ್ಕರೆ ಹತೋಟಿಗೆ ಬರುವುದು ಇನ್ನೂ ಕಷ್ಟ ಆಗುತ್ತದೆ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರ ಹಲ್ಲು ಕೀಳುವ ಮುಂಚೆ ಹತ್ತು ಸಲ ಯೋಚಿಸಬೇಕು. ಇದೆಲ್ಲ ರೋಗಿ ಎದುರಿಗೆ ಬಂದಾಗಲೇ ತಲೆಗೆ ಹೋಗುವುದು.

ಆಮೇಲೆ ಶುರುವಾಗುತ್ತದೆ ಕೈ ಕೆಲಸ. ಮೇಣದ ಒಂದು ತುಂಡು ಕೊಡುತ್ತಾರೆ, ಚೂಪಾದ ಒಂದು ಪುಟ್ಟ ಚಾಕು ಕೊಡುತ್ತಾರೆ, ಅದರಲ್ಲಿ ಹಲ್ಲು ಕೆತ್ತು ಅನ್ನುತ್ತಾರೆ. ಯಾವುದೋ ಒಂದು ಹಲ್ಲು ಅಲ್ಲ, ಮೇಲಿನ ಬಲಗಡೆಯ ಮೊದಲ ದವಡೆ ಹಲ್ಲು ಅಂತ ನಿರ್ದಿಷ್ಟವಾಗಿ ಹೇಳುತ್ತಾರೆ. ಅದರ ಉಬ್ಬುಗಳು ಎಷ್ಟು, ಯಾವುದು ದೊಡ್ಡದು, ನಡುವಿನ ಗೆರೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಲ್ಲ ಕಣ್ಣಿಗೆ ಕಾಣಬೇಕು. ಕೆತ್ತುತ್ತಾ ಕೆತ್ತುತ್ತಾ ಅದು ಸಣ್ಣದಾಗುತ್ತಾ ಹೋಗುತ್ತದೆ, ಕೊನೆಗೆ ಸೀನಿಯರ್ ಒಬ್ಬರು ಬಂದು "ಇದು ಎಡಗಡೆಯದು" ಅಂತ ಹೇಳಿ ಹೋಗುತ್ತಾರೆ. ಪರೀಕ್ಷೆಯಲ್ಲೂ ಅಷ್ಟೇ. ಒಂದು ಬಿಡಿ ಹಲ್ಲು ಕೈಗಿಟ್ಟು ಮೇಲಿನದೋ ಕೆಳಗಿನದೋ, ಎಡವೋ ಬಲವೋ ಅಂತ ಕೇಳುತ್ತಾರೆ. ನೋಡುವುದಕ್ಕೆ ಎಲ್ಲವೂ ಒಂದೇ ಥರ. ಮೇಲಿನ ಮೊದಲ ಕಿರುದವಡೆ ಹಲ್ಲನ್ನು ತಿರುಗಿಸಿ ನೋಡು: ಸಾಮಾನ್ಯವಾಗಿ ಎರಡು ಬೇರು ಇರುತ್ತದೆ, ಅದರ ಮುಂದಿರುವ ಕೋರೆಹಲ್ಲಿಗೆ ತಾಗುವ ಬದಿಯಲ್ಲಿ ಸ್ವಲ್ಪ ತಗ್ಗಿರುತ್ತದೆ. ಆ ತಗ್ಗು ಬೆರಳಿಗೆ ಸಿಕ್ಕಿತು ಅಂದರೆ ಎಡ ಬಲ ಎರಡೂ ಗೊತ್ತಾದ ಹಾಗೆ. ಈ ಥರದ ಸಣ್ಣ ಸಂಗತಿಯಲ್ಲಿ ನಿನಗೆ ಖುಷಿ ಸಿಗುತ್ತದೆ ಅಂದರೆ ಅರ್ಧ ಗೆದ್ದೆ ಅಂತ ತಿಳಿ. ಸಿಗದಿದ್ದರೆ ಆ ವರ್ಷಗಳು ಉದ್ದ ಅನಿಸುತ್ತವೆ.

ಆಮೇಲೆ ಗೊಂಬೆ ತಲೆ. ಮೇಜಿಗೆ ಸಿಕ್ಕಿಸಿದ ಒಂದು ತಲೆ, ಅದರೊಳಗೆ ಪ್ಲಾಸ್ಟಿಕ್ ಹಲ್ಲು, ರಬ್ಬರಿನ ಕೆನ್ನೆ. ಮಾತಾಡುವುದಿಲ್ಲ, ನಾಲಿಗೆ ಅಡ್ಡ ಬರುವುದಿಲ್ಲ, ಜೊಲ್ಲೂ ಇಲ್ಲ. ಆದರೂ ಬೆವರಿಳಿಯುತ್ತದೆ. ಯಾಕೆಂದರೆ ಮೇಲಿನ ಹಲ್ಲಿನ ಕೆಲಸ ಬಹುಪಾಲು ಕನ್ನಡಿ ನೋಡಿಕೊಂಡೇ ಮಾಡಬೇಕು. ಎಡಗೈಯಲ್ಲಿ ಸಣ್ಣ ಗುಂಡು ಕನ್ನಡಿ, ಬಲಗೈಯಲ್ಲಿ ಡ್ರಿಲ್. ಕನ್ನಡಿಯಲ್ಲಿ ಹಿಂದೆ ಅನ್ನುವುದು ಮುಂದೆ ಕಾಣುತ್ತದೆ. ಕೈಯನ್ನು ಆಚೆ ತಳ್ಳಬೇಕು ಅಂದುಕೊಳ್ಳುತ್ತೀಯ, ಅದು ಈಚೆಗೆ ಬರುತ್ತದೆ. ಡ್ರಿಲ್ ಏನು ಸಾಮಾನ್ಯದ್ದಾ? ಗಾಳಿಯ ಒತ್ತಡದಿಂದ ನಿಮಿಷಕ್ಕೆ ಮೂರು ನಾಲ್ಕು ಲಕ್ಷ ಸುತ್ತು ತಿರುಗುತ್ತದೆ. ನೀರು ಚಿಮ್ಮುತ್ತಲೇ ಇರಬೇಕು, ಇಲ್ಲದಿದ್ದರೆ ಬಿಸಿಗೆ ಹಲ್ಲಿನ ಒಳಗಿನ ಜೀವ, ಅಂದರೆ ನರ ರಕ್ತನಾಳ ಇರುವ ತಿರುಳು, ಸಾಯುತ್ತದೆ. ಆ ನೀರು ಸೀದಾ ಕನ್ನಡಿ ಮೇಲೆ ಬಂದು ಕೂರುತ್ತದೆ, ಆಗ ಏನೂ ಕಾಣುವುದಿಲ್ಲ. ಮೊದಲ ವಾರಗಳಲ್ಲಿ ಎಲ್ಲರಿಗೂ ಇದು ಆಗದ ಕೆಲಸ ಅನಿಸುತ್ತದೆ. ಆಮೇಲೆ ಯಾವಾಗಲೋ ಒಂದು ದಿನ, ಕನ್ನಡಿ ಇದೆ ಅನ್ನುವುದೇ ಮರೆತು ಕೈ ತಾನಾಗಿ ಹೋಗುತ್ತಿರುತ್ತದೆ. ಕೈ ಪಳಗುವುದು ಅಂದರೆ ಇದೇ. ಇದನ್ನು ಯಾರೂ ಪಾಠದಲ್ಲಿ ಹೇಳಿಕೊಡಲು ಆಗುವುದಿಲ್ಲ.

ನಿನ್ನ ಕೈ ಸ್ವಲ್ಪ ನಡುಗುತ್ತದೆ ಅಂತ ಬರೆದಿದ್ದೀಯ. ಅದಕ್ಕೆ ಹೆದರಬೇಡ. ನಾವು ಕೈಯನ್ನು ಗಾಳಿಯಲ್ಲಿ ತೇಲಿಸಿಕೊಂಡು ಕೆಲಸ ಮಾಡುವುದಿಲ್ಲ. ಉಂಗುರದ ಬೆರಳನ್ನು ಪಕ್ಕದ ಗಟ್ಟಿ ಹಲ್ಲಿನ ಮೇಲೆ ಊರಿಕೊಂಡಿರುತ್ತೇವೆ. ರೋಗಿ ತಲೆ ತಿರುಗಿಸಿದರೆ ನಮ್ಮ ಕೈಯೂ ಅದರ ಜೊತೆಗೇ ತಿರುಗುತ್ತದೆ. ಹೊಸಬರ ಕೈ ಎಲ್ಲರದ್ದೂ ನಡುಗುತ್ತದೆ, ಊರಿಕೊಳ್ಳುವುದು ಅಭ್ಯಾಸ ಆದ ಮೇಲೆ ನಿಲ್ಲುತ್ತದೆ. ನಿನಗೆ ಕಾಯಿಲೆಯಿಂದಲೇ ಕೈ ನಡುಗುತ್ತಿದ್ದರೆ ಮಾತ್ರ ಮೊದಲು ವೈದ್ಯರಿಗೆ ತೋರಿಸು, ಅದು ಬೇರೆ ಮಾತು.

ಇನ್ನು ನಿಜವಾದ ಬಾಯಿ. ಗೊಂಬೆಗೂ ಮನುಷ್ಯನಿಗೂ ಇರುವ ವ್ಯತ್ಯಾಸ ಮೊದಲ ಇಂಜೆಕ್ಷನ್ ಹಿಡಿದಾಗ ಗೊತ್ತಾಗುತ್ತದೆ. ಮೇಲ್ದವಡೆಯ ಎಲುಬು ಸ್ವಲ್ಪ ಟೊಳ್ಳು, ಹಲ್ಲಿನ ಹತ್ತಿರವೇ ಚುಚ್ಚಿದರೆ ಮರಗಟ್ಟಿಸುವ ಔಷಧ ಒಳಗೆ ಇಳಿಯುತ್ತದೆ. ಕೆಳದವಡೆ ಹಾಗಲ್ಲ, ಗಟ್ಟಿ. ಅಲ್ಲಿ ಬಾಯಿಯ ಹಿಂಭಾಗಕ್ಕೆ ಹೋಗಿ, ನರ ಎಲುಬಿನೊಳಗೆ ನುಗ್ಗುವ ಜಾಗದ ಪಕ್ಕದಲ್ಲಿ ಔಷಧ ಬಿಡಬೇಕು. ನರ ಕಣ್ಣಿಗೆ ಕಾಣುವುದಿಲ್ಲ. ಹೆಬ್ಬೆರಳಿಂದ ಎಲುಬಿನ ಅಂಚು ತಡವಿ, ಆಚೆ ಬದಿಯ ಕಿರುದವಡೆ ಹಲ್ಲಿನ ಕಡೆಯಿಂದ ಸೂಜಿ ತಂದು, ಎಲುಬು ತಾಗುವವರೆಗೂ ಒಳಗೆ ಬಿಟ್ಟು, ಸ್ವಲ್ಪ ಹಿಂದೆ ತೆಗೆದು, ರಕ್ತನಾಳದಲ್ಲಿ ಇಲ್ಲ ಅಂತ ಎಳೆದು ನೋಡಿ, ಆಮೇಲೆ ನಿಧಾನಕ್ಕೆ ಬಿಡಬೇಕು. ನಿಧಾನ ಅಂದರೆ ನಿಧಾನ, ಒಂದು ನಿಮಿಷಕ್ಕಿಂತ ಮುಂಚೆ ಮುಗಿಸುವ ಹಾಗಿಲ್ಲ. ಈ ಇಡೀ ಹೊತ್ತು ರೋಗಿಯ ಕಣ್ಣು ನಿನ್ನ ಕಣ್ಣನ್ನೇ ನೋಡುತ್ತಿರುತ್ತದೆ. ನಿನ್ನ ಮುಖದಲ್ಲಿ ಗಾಬರಿ ಕಂಡರೆ ಅವರ ಎದೆ ಹೊಡೆದುಕೊಳ್ಳುತ್ತದೆ. ಆಮೇಲೆ ಕಾಯುವುದು. "ತುಟಿ ಅರ್ಧ ದಪ್ಪ ಆದ ಹಾಗಿದೆ ಡಾಕ್ಟ್ರೇ" ಅಂದರು ಅಂದರೆ ಉಸಿರು ಬಿಡಬಹುದು. ಎಷ್ಟು ಅನುಭವ ಇದ್ದವರಿಗೂ ಈ ಇಂಜೆಕ್ಷನ್ ಕೆಲವೊಮ್ಮೆ ಕೈಕೊಡುತ್ತದೆ, ಎರಡನೇ ಸಲ ಕೊಡಬೇಕಾಗುತ್ತದೆ.

ಬೇರೆ ಎಷ್ಟೋ ಸರ್ಜನ್ನರ ಮುಂದೆ ರೋಗಿ ಮಲಗಿ ನಿದ್ದೆ ಮಾಡುತ್ತಿರುತ್ತಾನೆ. ನಿನ್ನ ಮುಂದೆ ಇರುವವನು ಎಲ್ಲ ಕೇಳಿಸಿಕೊಳ್ಳುತ್ತಿರುತ್ತಾನೆ. ನರ್ಸಿಗೆ ನೀನು ಸಣ್ಣ ದನಿಯಲ್ಲಿ "ಅಯ್ಯೋ" ಅಂದರೂ ಅವನಿಗೆ ಕೇಳಿಸುತ್ತದೆ. ಅವನು ಮಾತಾಡುವ ಹಾಗಿಲ್ಲ, ನುಂಗುವುದಕ್ಕೂ ಕಷ್ಟ, ಕೈ ಎತ್ತುವುದೊಂದೇ ದಾರಿ. ಅದಕ್ಕೇ ನಾನು ಶುರು ಮಾಡುವ ಮುಂಚೆ ಎಲ್ಲರಿಗೂ ಹೇಳುತ್ತೇನೆ, ಎಡಗೈ ಎತ್ತಿದರೆ ನಿಲ್ಲಿಸುತ್ತೇನೆ ಅಂತ. ಹೇಳಿದ ಮೇಲೆ ನಿಜವಾಗಿ ನಿಲ್ಲಿಸಬೇಕು. ತಮಾಷೆ ಏನೆಂದರೆ, ನಿಲ್ಲಿಸುತ್ತಾರೆ ಅಂತ ನಂಬಿಕೆ ಬಂದವರು ಕೈ ಎತ್ತುವುದೇ ಕಡಿಮೆ. ಮಕ್ಕಳಿಗೆ ಇದರದ್ದೇ ಒಂದು ಪದ್ಧತಿ ಇದೆ: ಮೊದಲು ಹೇಳು, ಆಮೇಲೆ ತೋರಿಸು, ಆಮೇಲೆ ಮಾಡು. ಗಾಳಿ ಊದುವ ಕೊಳವೆಯನ್ನು ಮೊದಲು ಮಗುವಿನ ಬೆರಳ ಮೇಲೆ ಊದಿ ತೋರಿಸಬೇಕು. ದೊಡ್ಡವರಿಗೂ ಇದನ್ನೇ ಮಾಡಿದರೆ ತಪ್ಪೇನಿಲ್ಲ, ಅಲ್ವಾ?

ಹಲ್ಲು ಕೀಳುವುದಕ್ಕೆ ತೋಳ್ಬಲ ಬೇಕು ಅಂತ ನೀನೂ ಅಂದುಕೊಂಡಿರಬಹುದು. ಹಲ್ಲು ಎಲುಬಿಗೆ ಅಂಟಿಕೊಂಡಿಲ್ಲ. ನಡುವೆ ಒಂದು ತೆಳು ಪೊರೆ ಇದೆ, ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ದಪ್ಪ. ಅದರ ಎಳೆಗಳು ಹಲ್ಲನ್ನು ಹಿಡಿದಿರುತ್ತವೆ. ಎಳೆದರೆ ಬರುವುದಿಲ್ಲ, ಮುರಿಯುತ್ತದೆ. ಮೊದಲು ಬೇರಿನ ಕಡೆಗೆ ಒತ್ತಬೇಕು, ಆಮೇಲೆ ಕೆನ್ನೆ ಕಡೆಗೆ, ನಾಲಿಗೆ ಕಡೆಗೆ ನಿಧಾನಕ್ಕೆ ವಾಲಿಸಬೇಕು, ಗಟ್ಟಿ ನೆಲದಲ್ಲಿ ಹೂತ ಗೂಟವನ್ನು ಅಲುಗಿಸಿ ಸಡಿಲ ಮಾಡುವ ಹಾಗೆ. ಎಲುಬು ಒಂಚೂರು ಹಿಗ್ಗುತ್ತದೆ, ಎಳೆಗಳು ಹರಿಯುತ್ತವೆ, ಇಕ್ಕಳದ ಮೂಲಕ ಅದು ಕೈಗೆ ಗೊತ್ತಾಗುತ್ತದೆ. ಇದೇ ಕಾರಣಕ್ಕೆ ತೆಳ್ಳಗಿನ ಕೈಯ ನನ್ನ ಜೊತೆಗಾತಿಯರು ಎಷ್ಟೋ ಹುಡುಗರಿಗಿಂತ ಚೆನ್ನಾಗಿ ಕೀಳುತ್ತಿದ್ದರು. ಆದರೆ ಸ್ವಚ್ಛವಾಗಿ ಕಿತ್ತರೂ ಕೆಲಸ ಮುಗಿಯಲಿಲ್ಲ. ಆ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಅಲ್ಲೇ ಇರಬೇಕು. ಸಿಗರೇಟು ಸೇದಿದರೆ, ಜೋರಾಗಿ ಮುಕ್ಕಳಿಸಿದರೆ ಅದು ಕಳಚಿ, ಎರಡು ಮೂರು ದಿನ ಬಿಟ್ಟು ಕಿವಿಯವರೆಗೂ ಸಿಡಿಯುವ ನೋವು ಬರಬಹುದು. ಬಂದರೆ ಬೈಗುಳ ನಿನಗೇ.

ಬೋರ್ ಆಗುತ್ತದಾ ಅಂತ ಕೇಳಿದ್ದಕ್ಕೆ ರೂಟ್ ಕೆನಾಲ್ ಒಂದರ ಬಗ್ಗೆ ಹೇಳುತ್ತೇನೆ. ಹಲ್ಲಿನ ಮೇಲ್ಪದರ ನಮ್ಮ ದೇಹದಲ್ಲೇ ಎಲ್ಲಕ್ಕಿಂತ ಗಟ್ಟಿ, ತೂಕದಲ್ಲಿ ನೂರಕ್ಕೆ ಸುಮಾರು 96 ಭಾಗ ಖನಿಜ. ಆದರೂ ಬಾಯಿಯ ಪಿಎಚ್ (ಹುಳಿ ಅಳೆಯುವ ಲೆಕ್ಕ, ಇಳಿದಷ್ಟೂ ಹುಳಿ ಜಾಸ್ತಿ) 5.5ಕ್ಕಿಂತ ಕೆಳಗಿಳಿದರೆ ಕರಗಲು ಶುರುವಾಗುತ್ತದೆ. ಸಕ್ಕರೆ ತಿಂದ ಬ್ಯಾಕ್ಟೀರಿಯಾ ಆಮ್ಲ ಬಿಡುತ್ತವೆ, ಆಮ್ಲ ಕರಗಿಸುತ್ತದೆ. ಒಮ್ಮೆ ತೂತು ಬಿದ್ದ ಆ ಪದರ ಮತ್ತೆ ಬೆಳೆಯುವುದಿಲ್ಲ, ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೇ ಹೋಗಿಬಿಟ್ಟಿರುತ್ತವೆ. (ಸಾವಿರಾರು ವರ್ಷ ಜನ ಇದನ್ನು ಹಲ್ಲಿನ ಹುಳದ ಕೆಲಸ ಅಂತಲೇ ನಂಬಿದ್ದರು. 1728ರಲ್ಲಿ ಫ್ರಾನ್ಸಿನ ಪಿಯರ್ ಫೋಶಾರ್, ನಾನು ಹುಡುಕಿದೆ, ಹುಳ ಕಾಣಲಿಲ್ಲ ಅಂತ ಬರೆದ. ಹುಳ ತೆಗೆಯಿರಿ ಅನ್ನುವವರು ಇವತ್ತಿಗೂ ಬರುತ್ತಾರೆ.) ತೂತು ಒಳಗಿನ ಜೀವದವರೆಗೆ ಹೋದ ಮೇಲೆ ಬೇರಿನ ನಾಳಗಳನ್ನೆಲ್ಲ ಸ್ವಚ್ಛ ಮಾಡಬೇಕು. ಮೇಲಿನ ಮೊದಲ ದವಡೆ ಹಲ್ಲಿಗೆ ಮೂರು ಬೇರು, ಮೂರು ನಾಳ ಅಂದುಕೊಂಡು ಇಳಿಯುತ್ತೀಯ. ಆದರೆ ಕೆನ್ನೆ ಬದಿಯ ಮುಂದಿನ ಬೇರಿನಲ್ಲಿ ಬಹಳ ಸಲ ನಾಲ್ಕನೆಯದೊಂದು ಅಡಗಿರುತ್ತದೆ. ಎಕ್ಸ್‌ರೇಯಲ್ಲಿ ಒಂದರ ಹಿಂದೆ ಒಂದು ಬಿದ್ದು ಕಾಣುವುದಿಲ್ಲ. ಹುಡುಕಲು ಕೈಗೆ ತೆಗೆದುಕೊಳ್ಳುವ ಫೈಲಿನ, ಅಂದರೆ ಸೂಜಿಯಂಥ ಸಪೂರ ಅರದ, ತುದಿ 0.1 ಮಿಲಿಮೀಟರ್. ಅದರ ತುದಿ ಎಲ್ಲೋ ಒಂದು ಕಡೆ ಸಣ್ಣಗೆ ಸಿಕ್ಕಿಕೊಳ್ಳುತ್ತದೆ ನೋಡು, ಆಗ ಹೊಟ್ಟೆಯಲ್ಲಿ ಆಗುವ ಖುಷಿ ನನಗೆ ಇನ್ನೂ ಹಳೆಯದಾಗಿಲ್ಲ. ರೋಗಿಗೆ ಅದು ಗೊತ್ತೂ ಆಗುವುದಿಲ್ಲ. ಅವರಿಗೆ ಬಾಯಿ ತೆರೆದು ತೆರೆದು ದವಡೆ ನೋಯುತ್ತಿರುತ್ತದೆ, ಯಾವಾಗ ಮುಗಿಯುತ್ತದೋ ಅಂತ ಕಾಯುತ್ತಿರುತ್ತಾರೆ.

ಕಾಲೇಜಿನ ಕಷ್ಟ ಮುಚ್ಚಿಡುವುದಿಲ್ಲ. ಇಷ್ಟು ಫಿಲ್ಲಿಂಗ್, ಇಷ್ಟು ರೂಟ್ ಕೆನಾಲ್, ಇಷ್ಟು ಹಲ್ಲಿನ ಸೆಟ್ ಮಾಡಿದರೆ ಮಾತ್ರ ಪರೀಕ್ಷೆಗೆ ಬಿಡುತ್ತೇವೆ ಅಂತ ಲೆಕ್ಕ ಇಟ್ಟಿರುತ್ತಾರೆ. ಕೇಸ್ ಸಿಗದಿದ್ದರೆ ನೀನೇ ಹುಡುಕಬೇಕು. ಪರಿಚಯದವರು ನಕ್ಕಾಗ ಅವರ ಮುಖಕ್ಕಿಂತ ಮೊದಲು ಹಲ್ಲು ನೋಡುವ ಚಾಳಿ ಆಗ ಅಂಟಿಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ. ಪ್ರತಿ ಹಂತಕ್ಕೂ ಮೇಷ್ಟ್ರ ಸಹಿ ಬೇಕು. ಒಬ್ಬರು ಚೆನ್ನಾಗಿದೆ ಅಂದದ್ದನ್ನು ಇನ್ನೊಬ್ಬರು ಕಿತ್ತು ಹಾಕಿ ಮತ್ತೆ ಮಾಡು ಅನ್ನುತ್ತಾರೆ. ಕಿತ್ತ ಹಲ್ಲುಗಳನ್ನು ಅಭ್ಯಾಸಕ್ಕೆ ಅಂತ ಔಷಧದ ನೀರು ತುಂಬಿದ ಡಬ್ಬಿಯಲ್ಲಿ ಕೂಡಿಡುತ್ತೇವೆ. ನನ್ನ ಡಬ್ಬಿ ನೋಡಿದ ರೂಮ್‌ಮೇಟ್ ಒಬ್ಬ ಬೇರೆ ರೂಮಿಗೇ ಹೋದ.

ಮೈಗೆ ಆಗುವ ಪೆಟ್ಟನ್ನೂ ಹೇಳಿಬಿಡುತ್ತೇನೆ. ಕುತ್ತಿಗೆ ಬಗ್ಗಿಸಿ, ಸೊಂಟ ತಿರುಚಿ ಕೂತು ಕೂತು ಈ ಕೆಲಸದಲ್ಲಿ ಬೆನ್ನು ಕುತ್ತಿಗೆ ನೋವಿಲ್ಲದವರು ಕಡಿಮೆ. ರೋಗಿಯ ಬಾಯಿ ನಿನಗೆ ಅನುಕೂಲವಾಗುವ ಹಾಗೆ ಕುರ್ಚಿ ಹೊಂದಿಸಿಕೋ, ನೀನು ಬಾಯಿಗೆ ಹೊಂದಿಕೊಳ್ಳಲು ಹೋಗಬೇಡ. ಭೂತಗನ್ನಡಿ ಹಾಕಿದ ಕನ್ನಡಕವನ್ನು ಆದಷ್ಟು ಬೇಗ ರೂಢಿ ಮಾಡಿಕೋ. ಹಣದ ವಿಷಯಕ್ಕೆ ಬಂದರೆ, ಇದು ಯಂತ್ರ ತುಂಬಾ ಬೇಡುವ ಕೆಲಸ. ಕುರ್ಚಿ, ಎಕ್ಸ್‌ರೇ, ಉಪಕರಣ ತೊಳೆದು ಕ್ರಿಮಿ ಸಾಯಿಸುವ ಯಂತ್ರ ಇಲ್ಲದೆ ಕ್ಲಿನಿಕ್ ತೆರೆಯಲು ಆಗುವುದಿಲ್ಲ. ಹಾಗಾಗಿ ಓದು ಮುಗಿದ ತಕ್ಷಣ ಸ್ವಂತ ಬೋರ್ಡು ಹಾಕುವ ಕನಸು ಬೇಡ. ಕೆಲವು ವರ್ಷ ಬೇರೆಯವರ ಹತ್ತಿರ ಕೆಲಸ ಮಾಡು, ಅಲ್ಲಿ ಕಲಿಯುವುದು ಕಾಲೇಜಿಗಿಂತ ಜಾಸ್ತಿ. ಆಮೇಲೆ ಬೇಕಾದರೆ ವಕ್ರ ಹಲ್ಲು ಸರಿ ಮಾಡುವುದೋ, ದವಡೆಯ ಸರ್ಜರಿಯೋ, ಮಕ್ಕಳ ಹಲ್ಲೋ, ಮುಂದೆ ಓದಬಹುದು.

ರೋಗಿಗಳಿಗೇನೂ ಕೊರತೆ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ಕಾಯಿಲೆ ಇದೆ. ಆದರೆ ನೋವು ಇರುವವರೆಲ್ಲ ಡಾಕ್ಟರ ಹತ್ತಿರ ಬರುವುದಿಲ್ಲ. ಹೆದರಿಕೆಯೇ ಅರ್ಧ ಕಾರಣ, ಇನ್ನರ್ಧ ದುಡ್ಡು. ಬಂದವರ ಹಲ್ಲು ನೋಡುವಾಗ ನಾಲಿಗೆ ಅಡಿ, ಕೆನ್ನೆ ಒಳಗೆ ಎಲ್ಲ ನೋಡುವ ಅಭ್ಯಾಸ ಮಾಡಿಕೋ ಅಂತ ನಮ್ಮ ಮೇಷ್ಟ್ರೊಬ್ಬರು ಹೇಳುತ್ತಲೇ ಇದ್ದರು. ಎರಡು ವಾರ ಕಳೆದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಮಚ್ಚೆ ಕಂಡರೆ ಬಿಡುವ ಹಾಗಿಲ್ಲ. ಬಾಯಿ ಕ್ಯಾನ್ಸರ್ ಬೇಗ ಸಿಕ್ಕಿದರೆ ಬದುಕುವ ಸಾಧ್ಯತೆ ಎಷ್ಟೋ ಜಾಸ್ತಿ. ಫಿಲ್ಲಿಂಗ್‌ಗೆ ಬಂದವರ ನಾಲಿಗೆ ಬದಿಯಲ್ಲಿ ಅಂಥದ್ದೊಂದು ಕಂಡು, ಮುಖದಲ್ಲಿ ಏನೂ ತೋರಿಸಿಕೊಳ್ಳದೆ, ಹೆದರಿಸದೆ, ಹಾಗಂತ ಹಗುರವಾಗಿಯೂ ಹೇಳದೆ, "ಇದನ್ನು ನಾಳೆಯೇ ತೋರಿಸಿ" ಅಂತ ಬರೆದು ಕಳಿಸುವ ದಿನ ನಿನಗೂ ಬರುತ್ತದೆ. ಪೂರ್ತಿ ಡಾಕ್ಟರಾ ಅರ್ಧ ಡಾಕ್ಟರಾ ಅನ್ನುವ ಚರ್ಚೆ ಆ ಹೊತ್ತಿಗೆ ನೆನಪೂ ಆಗುವುದಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಮಾರ್ಕ್ಸ್ ಬಿಡು, ಮೆಡಿಕಲ್ ಸಿಗಲಿಲ್ಲ ಅನ್ನುವ ಬೇಜಾರನ್ನೂ ಸ್ವಲ್ಪ ಹೊತ್ತು ಬದಿಗಿಡು. ಎರಡು ಕೇಳಿಕೋ. ಸಣ್ಣ ಕೆಲಸವನ್ನು ಗಂಟೆಗಟ್ಟಲೆ ಒಂದೇ ಕಡೆ ಕೂತು ಮಾಡುವುದು ನಿನಗೆ ಇಷ್ಟವಾ? ಹೆದರಿಕೊಂಡು ಎಚ್ಚರವಾಗಿ ಮಲಗಿರುವ ಒಬ್ಬರ ಮುಖದಿಂದ ಒಂದು ಗೇಣು ದೂರದಲ್ಲಿ, ಅವರ ಹೆದರಿಕೆಯನ್ನೂ ನೋಡಿಕೊಂಡು ಆ ಕೆಲಸ ಮಾಡಲು ಆಗುತ್ತದಾ? ಮೊದಲನೆಯದು ಕಲಿತರೆ ಬರುತ್ತದೆ. ಎರಡನೆಯದು ಬಾರದೆಯೂ ಡಿಗ್ರಿ ತೆಗೆದುಕೊಂಡವರನ್ನು ನೋಡಿದ್ದೇನೆ. ಅವರಿಗೆ ಪ್ರತಿ ರೋಗಿಯೂ ಒಂದು ಕಿರಿಕಿರಿ, ರೋಗಿಗೂ ಅದು ಗೊತ್ತಾಗುತ್ತದೆ.

ಕೂತು ಯೋಚಿಸಿದರೆ ಇದು ಗೊತ್ತಾಗುವುದಿಲ್ಲ, ನೋಡಬೇಕು. ಪತ್ರದ ಕೊನೆಯಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೆಯಲ್ಲ, ಕೆಳಗಿನ ದವಡೆ ಹಲ್ಲಿಗೆ ತಣ್ಣೀರು ತಾಗಿದರೆ ಜುಮ್ ಅನ್ನುತ್ತದೆ ಅಂತ. ನೀರು ನುಂಗಿದ ತಕ್ಷಣ ನಿಂತುಹೋದರೆ ಹಲ್ಲಿನ ಜೀವ ಇನ್ನೂ ಚೇತರಿಸಿಕೊಳ್ಳಬಹುದು, ಬರೀ ಫಿಲ್ಲಿಂಗ್‌ನಲ್ಲೇ ಮುಗಿದರೂ ಮುಗಿಯಿತು. ಅರ್ಧ ನಿಮಿಷ ಕಳೆದರೂ ನೋವು ಉಳಿದರೆ, ಇಲ್ಲ ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಮೇಲೆ ಹೇಳಿದ 0.1 ಮಿಲಿಮೀಟರಿನ ಫೈಲು ನಿನ್ನ ಬಾಯಿಗೂ ಬರುತ್ತದೆ. ಯಾವುದೇ ಆದರೂ ಮುಂದೂಡಬೇಡ. ಈ ವಾರವೇ ಹತ್ತಿರದ ಹಲ್ಲಿನ ಡಾಕ್ಟರಿಗೆ ತೋರಿಸು. ಕೆಲಸ ಮುಗಿದ ಮೇಲೆ, ನಾನು ಈ ಓದಿಗೆ ಸೇರಬೇಕು ಅಂತಿದ್ದೇನೆ, ರೋಗಿಗಳು ಒಪ್ಪಿದರೆ ಅರ್ಧ ದಿನ ಮೂಲೆಯಲ್ಲಿ ನಿಂತು ನೋಡಲಾ ಅಂತ ಕೇಳು. ಬಹಳಷ್ಟು ಜನ ಬೇಡ ಅನ್ನುವುದಿಲ್ಲ. ನಿಂತಾಗ ಹಲ್ಲನ್ನೇ ನೋಡಬೇಡ, ಅದು ಹೇಗೂ ಕಾಣುವುದಿಲ್ಲ. ಡಾಕ್ಟರ ಕುತ್ತಿಗೆ ನೋಡು, ರೋಗಿಯ ಕೈ ಕುರ್ಚಿಯನ್ನು ಹೇಗೆ ಹಿಡಿದುಕೊಂಡಿದೆ ನೋಡು, ಆ ಕೈ ಸಡಿಲ ಆಗುವ ಹಾಗೆ ಡಾಕ್ಟರು ಏನು ಮಾಡಿದರು, ಏನು ಹೇಳಿದರು ಅಂತ ಗಮನಿಸು. ಮನೆಗೆ ಬಂದ ಮೇಲೆ ಫೋನ್ ಮಾಡು. ಸಂಜೆ ಏಳರ ನಂತರ ಮಾಡು, ಅದಕ್ಕೂ ಮುಂಚೆ ನನ್ನ ಎರಡೂ ಕೈ ಯಾರದೋ ಬಾಯಲ್ಲಿರುತ್ತವೆ.

ನಿನ್ನವನೇ ಆದ,
ಹಲ್ಲಿನ ಡಾಕ್ಟರ್ ಗೆಳೆಯ